ಮೊದಲ ಸಲ ಏನೂ ಆಗಲಿಲ್ಲ, ಎರಡನೇ ಸಲ ನಾಯಿ ಸತ್ತಿತು: ಅಲರ್ಜಿಯ ಗುಟ್ಟು ಕಂಡ ಶಾರ್ಲ್ ರಿಶೆ

ನಾಯಿ ಸಾಕಿದವರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಲಹೆ ಆಗಾಗ ಸುತ್ತು ಹೊಡೆಯುತ್ತದೆ. ನಾಯಿ ಮೈಯೆಲ್ಲ ಕೆರೆದುಕೊಳ್ಳುತ್ತಿದ್ದರೆ ಇತ್ತೀಚೆಗೆ ಹೊಸದಾಗಿ ಕೊಟ್ಟ ಆಹಾರ ಯಾವುದೆಂದು ನೋಡಿ, ಅದನ್ನು ನಿಲ್ಲಿಸಿ. ವರ್ಷಗಟ್ಟಲೆ ತಿಂದು ಒಗ್ಗಿಹೋದ ಚಿಕನ್‌ನಿಂದಲೋ ಹಾಲು-ಅನ್ನದಿಂದಲೋ ಏನೂ ಆಗುವುದಿಲ್ಲ ಎಂಬುದು ಅದರ ಸಾರ. ಕೇಳಲು ಸರಿಯೆನಿಸುತ್ತದೆ. ಆದರೆ ವಿಷಯ ಹೆಚ್ಚುಕಡಿಮೆ ಇದಕ್ಕೆ ಉಲ್ಟಾ. ದೇಹ ಮೊದಲೇ ಪರಿಚಯ ಮಾಡಿಕೊಂಡ ವಸ್ತುವಿಗೇ ಅಲರ್ಜಿ ಹುಟ್ಟುವುದು. ಈ ವಿಚಿತ್ರವನ್ನು ಜಗತ್ತಿಗೆ ತೋರಿಸಿಕೊಟ್ಟಿದ್ದೂ ಒಂದು ನಾಯಿಯೇ. ಅದರ ಹೆಸರು ನೆಪ್ಚೂನ್. ಆ ನಾಯಿಯನ್ನು ನೋಡುತ್ತ ನಿಂತಿದ್ದ ವಿಜ್ಞಾನಿ ಫ್ರಾನ್ಸ್‌ನ ಶಾರ್ಲ್ ರಿಶೆ.

ರಿಶೆ ಹುಟ್ಟಿದ್ದು 1850ರ ಆಗಸ್ಟ್ 26ರಂದು, ಪ್ಯಾರಿಸ್‌ನಲ್ಲಿ. ತಂದೆ ಹೆಸರಾಂತ ಶಸ್ತ್ರಚಿಕಿತ್ಸಕ. ಮಗನೂ ವೈದ್ಯಕೀಯ ಓದಿದ, ಆದರೆ ಕತ್ತರಿ ಹಿಡಿಯುವ ಬದಲು ದೇಹ ಹೇಗೆ ಕೆಲಸ ಮಾಡುತ್ತದೆ ಎಂಬ ಶರೀರಕ್ರಿಯಾ ವಿಜ್ಞಾನದತ್ತ ಹೊರಳಿದ. 1887ರಲ್ಲಿ ಪ್ಯಾರಿಸ್‌ನ ವೈದ್ಯಕೀಯ ವಿಭಾಗದಲ್ಲಿ ಪ್ರಾಧ್ಯಾಪಕನಾದ. ಜಠರದ ಆಮ್ಲದಿಂದ ಹಿಡಿದು ವಿಮಾನದವರೆಗೆ ಎಲ್ಲದಕ್ಕೂ ಕೈ ಹಾಕುವ ಸ್ವಭಾವ. ಜೊತೆಗೆ ಕವನ, ನಾಟಕ, ಕಾದಂಬರಿ ಬೇರೆ. ಬೇಸಿಗೆಯಲ್ಲಿ ನಿಮ್ಮ ನಾಯಿ ನಾಲಿಗೆ ಹೊರಚಾಚಿ ಏದುಸಿರು ಬಿಡುತ್ತದಲ್ಲ, ಅದು ಸುಸ್ತಲ್ಲ, ಮೈ ತಂಪು ಮಾಡಿಕೊಳ್ಳುವ ವಿಧಾನ ಎಂಬುದನ್ನು ಪ್ರಯೋಗದಿಂದ ತೋರಿಸಿದವರಲ್ಲಿ ಈತನೂ ಒಬ್ಬ.

1901ರಲ್ಲಿ ಮೊನಾಕೊದ ರಾಜ ಒಂದನೆಯ ಆಲ್ಬರ್ಟ್ ತನ್ನ ಸಂಶೋಧನಾ ಹಡಗಿನಲ್ಲಿ ಅಟ್ಲಾಂಟಿಕ್ ಯಾನಕ್ಕೆ ರಿಶೆ ಮತ್ತು ಪೋಲ್ ಪೋರ್ಟಿಯೆ ಎಂಬ ಕಿರಿಯ ಸಂಶೋಧಕನನ್ನು ಕರೆದೊಯ್ದ. ಆಲ್ಬರ್ಟ್‌ಗೆ ಸಮುದ್ರ ವಿಜ್ಞಾನದ ಹುಚ್ಚು. ಮುಟ್ಟಿದರೆ ಚುಚ್ಚಿ ಉರಿ ಹತ್ತಿಸುವ ಫೈಸೇಲಿಯಾ ಎಂಬ ಜೆಲ್ಲಿಮೀನಿನಂಥ ಜೀವಿಯ ವಿಷವನ್ನು ಅಧ್ಯಯನ ಮಾಡಿ ಎಂದು ಇಬ್ಬರಿಗೂ ಹೇಳಿದ. ಮರಳಿ ಫ್ರಾನ್ಸ್‌ಗೆ ಬಂದಾಗ ಫೈಸೇಲಿಯಾ ಸಿಗಲಿಲ್ಲ. ಅಲ್ಲಿನ ಕರಾವಳಿಯಲ್ಲಿ ಧಾರಾಳವಾಗಿ ಸಿಗುವ ಸಮುದ್ರ ಹೂ, ಅಂದರೆ ಸೀ ಅನಿಮೋನ್, ಎಂಬ ಪ್ರಾಣಿಯ ವಿಷ ತೆಗೆದು ನಾಯಿಗಳ ಮೇಲೆ ಪ್ರಯೋಗ ಮುಂದುವರಿಸಿದರು. ಎಷ್ಟು ಪ್ರಮಾಣ ಕೊಟ್ಟರೆ ನಾಯಿ ಸಾಯುತ್ತದೆ, ಎಷ್ಟಕ್ಕೆ ಬದುಕುತ್ತದೆ ಎಂದು ಅಳೆಯುವುದು ಕೆಲಸ. ಇಂದು ಓದುವಾಗ ಕಸಿವಿಸಿಯಾಗುತ್ತದೆ, ಆಗಬೇಕಾದದ್ದೇ.

ನೆಪ್ಚೂನ್ ದಷ್ಟಪುಷ್ಟ ನಾಯಿ. ಸ್ವಲ್ಪ ವಿಷ ಚುಚ್ಚಿದರು, ಏನೂ ಆಗಲಿಲ್ಲ. ಮೂರು ವಾರ ದಾಟಿತು. ನಾಯಿ ಗಟ್ಟಿಮುಟ್ಟಾಗಿಯೇ ಓಡಾಡಿಕೊಂಡಿತ್ತು. ಒಮ್ಮೆ ವಿಷ ಕಂಡ ದೇಹ ಎರಡನೇ ಸಲಕ್ಕೆ ಗಟ್ಟಿಯಾಗಿರುತ್ತದೆ ಎಂಬುದು ಆ ಕಾಲದ ಲೆಕ್ಕಾಚಾರ. ಲಸಿಕೆಯ ತರ್ಕವೂ ಅದೇ ತಾನೆ? ಮತ್ತೆ ಅಷ್ಟೇ ಪ್ರಮಾಣ ಚುಚ್ಚಿದರು. ಕೆಲವೇ ಸೆಕೆಂಡುಗಳಲ್ಲಿ ನೆಪ್ಚೂನ್ ಏದುಸಿರು ಬಿಡತೊಡಗಿತು, ನಿಲ್ಲಲಾಗದೆ ಮಗ್ಗುಲಿಗೆ ಬಿತ್ತು, ರಕ್ತ ವಾಂತಿ ಮಾಡಿಕೊಂಡಿತು. 25 ನಿಮಿಷದಲ್ಲಿ ಸತ್ತುಹೋಯಿತು.

ಮೊದಲ ಸಲ ಅರಗಿಸಿಕೊಂಡ ಪ್ರಮಾಣವೇ ಎರಡನೇ ಸಲ ಕೊಂದಿತ್ತು. ವಿಷ ದೇಹದಲ್ಲಿ ಉಳಿದು ಕೂಡಿಕೊಂಡಿತೇ? ಹಾಗಿದ್ದರೆ ಎರಡನೇ ದಿನವೇ ಕೊಟ್ಟಾಗ ಇನ್ನೂ ಜೋರಾಗಬೇಕಿತ್ತು, ಹಾಗಾಗಲಿಲ್ಲ. ದೇಹ ಹೀಗೆ ಸಿಟ್ಟಿಗೇಳಲು ಎರಡು-ಮೂರು ವಾರದ ತಯಾರಿ ಬೇಕಿತ್ತು. ರಕ್ಷಣೆಗೆಂದು ಇರುವ ವ್ಯವಸ್ಥೆಯೇ ತಿರುಗಿಬಿದ್ದ ಈ ಸ್ಥಿತಿಗೆ ರಿಶೆ ಅನಾಫಿಲಾಕ್ಸಿಸ್ ಎಂದು ಹೆಸರಿಟ್ಟ. ರಕ್ಷಣೆಗೆ ವಿರುದ್ಧವಾದದ್ದು ಎಂಬ ಅರ್ಥ ಬರುವಂತೆ ಗ್ರೀಕ್ ಪದಗಳಿಂದ ಕಟ್ಟಿದ ಹೆಸರು. ಪೋರ್ಟಿಯೆ ಜೊತೆ 1902ರ ಫೆಬ್ರವರಿಯಲ್ಲಿ ಪ್ಯಾರಿಸ್‌ನ ಜೀವವಿಜ್ಞಾನ ಸಂಘದ ಮುಂದೆ ಇದನ್ನು ಮಂಡಿಸಿದ. ಅಲರ್ಜಿ ಎಂಬ ಪದ ಬಂದದ್ದು ಅದಾದ ನಾಲ್ಕು ವರ್ಷಕ್ಕೆ, ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆಯಿಂದ. 1913ರ ವೈದ್ಯಕೀಯ ನೊಬೆಲ್ ರಿಶೆಗೆ ಸಿಕ್ಕಿತು. ಪೋರ್ಟಿಯೆಗೆ ಸಿಗಲಿಲ್ಲ.

ಈಗ ನಿಮ್ಮ ನಾಯಿಯ ವಿಚಾರಕ್ಕೆ ಬರೋಣ. ನೆಪ್ಚೂನ್‌ಗೆ ಆದದ್ದು ನಿಮಿಷಗಳಲ್ಲಿ ಮುಗಿದುಹೋದ ಆಘಾತ. ಆಹಾರದಿಂದ ಬರುವ ತುರಿಕೆ ನಿಧಾನದ್ದು, ವಾರ-ತಿಂಗಳುಗಟ್ಟಲೆ ಕಾಡುವಂಥದ್ದು. ಒಳಗಿನ ಕಾರಣಗಳೂ ಪೂರ್ತಿ ಒಂದೇ ಅಲ್ಲ. ಆದರೆ ಮೊದಲು ಪರಿಚಯ, ಆಮೇಲೆ ಜಗಳ ಎಂಬ ಕ್ರಮ ಎರಡರಲ್ಲೂ ಉಂಟು. ಹಾಗಾಗಿ ಮೂರು ವರ್ಷ ಚಿಕನ್ ತಿಂದ ನಾಯಿಗೆ ನಾಲ್ಕನೇ ವರ್ಷ ಚಿಕನ್ನೇ ಆಗದಿರಬಹುದು. ಆಹಾರದ ಅಲರ್ಜಿ ಇರುವ ನಾಯಿಗಳಲ್ಲಿ ಹೆಚ್ಚಾಗಿ ಕಂಡುಬಂದಿರುವ ಕಾರಣಗಳು ಬೀಫ್, ಹಾಲಿನ ಪದಾರ್ಥ, ಚಿಕನ್ ಮತ್ತು ಗೋಧಿ. ಅಂದರೆ ದಿನಾ ತಟ್ಟೆಗೆ ಬೀಳುವ ಸಾಮಾನ್ಯ ವಸ್ತುಗಳೇ. ನಮ್ಮ ಮನೆಗಳಲ್ಲಿ ನಾಯಿಗೆ ಮೊಸರನ್ನ ಸಾತ್ವಿಕ, ಏನೂ ಮಾಡುವುದಿಲ್ಲ ಎಂಬ ನಂಬಿಕೆ ಬಲವಾಗಿದೆ, ಮೊಸರೂ ಹಾಲೇ. ಇನ್ನು ಧಾನ್ಯ ಇಲ್ಲದ ದುಬಾರಿ ಚೀಲ ತಂದು ಸಮಾಧಾನ ಪಟ್ಟುಕೊಳ್ಳುವವರು ಅದರ ಹಿಂದಿನ ಅಕ್ಷರಗಳನ್ನು ಓದಿ, ಅದರಲ್ಲಿ ಚಿಕನ್ ಇದ್ದರೂ ಇರಬಹುದು.

ಹಾಗಂತ ಕೆರೆದುಕೊಳ್ಳುವ ನಾಯಿಗಳಿಗೆಲ್ಲ ಆಹಾರವೇ ಕಾರಣ ಎಂದುಕೊಳ್ಳಬೇಡಿ. ಚಿಗಟ, ಉಣ್ಣೆ, ಕಜ್ಜಿಯ ಹುಳು, ಚರ್ಮದ ಸೋಂಕು, ಧೂಳಿನ ನುಸಿ, ಹೂವಿನ ಪರಾಗ ಎಲ್ಲವೂ ತುರಿಕೆ ತರುತ್ತವೆ, ಆಹಾರಕ್ಕಿಂತ ಹೆಚ್ಚಾಗಿಯೇ ತರುತ್ತವೆ. ಪಶುವೈದ್ಯರು ಮೊದಲು ಇವನ್ನು ನೋಡುವುದು ಅದಕ್ಕೇ. ವರ್ಷವಿಡೀ ತುರಿಕೆ, ಪದೇಪದೇ ಕಿವಿ ಸೋರುವುದು, ಪಾದ ನೆಕ್ಕುತ್ತಲೇ ಇರುವುದು, ಜೊತೆಗೆ ಹೊಟ್ಟೆ ಕೆಡುವುದು ಇದ್ದರೆ ಆಹಾರದ ಮೇಲೆ ಅನುಮಾನ ಜಾಸ್ತಿಯಾಗುತ್ತದೆ.

ಅನುಮಾನ ಬಗೆಹರಿಸುವ ದಾರಿ ಪಥ್ಯ. ನಾಯಿ ಈವರೆಗೆ ತಿಂದೇ ಇರದ ಒಂದು ಪ್ರೋಟೀನ್ ಮತ್ತು ಒಂದು ಪಿಷ್ಟ, ಅಥವಾ ಪ್ರೋಟೀನನ್ನು ಚೂರುಚೂರು ಮಾಡಿ ತಯಾರಿಸಿದ, ವೈದ್ಯರು ಬರೆದುಕೊಡುವ ಹೈಡ್ರೊಲೈಸ್ಡ್ ಆಹಾರ. ಇಷ್ಟೇ, ಎಂಟು ವಾರ. ಬೀಫ್ ಆಗದ ನಾಯಿಗೆ ಮಟನ್ ಕೊಟ್ಟರೆ ಎರಡರ ಪ್ರೋಟೀನುಗಳ ಹೋಲಿಕೆಯಿಂದ ತೊಂದರೆ ಮುಂದುವರಿಯಬಹುದು, ಆದ್ದರಿಂದ ಆಯ್ಕೆಯನ್ನು ವೈದ್ಯರ ಜೊತೆ ಕೂತು ಮಾಡಿ. ಹತ್ತು ದಿನ ನೋಡಿ ಗುಣವಿಲ್ಲ ಎಂದು ಬಿಡುವವರೇ ಹೆಚ್ಚು. ಚರ್ಮ ಶಾಂತವಾಗಲು ಸಮಯ ಬೇಕು. ಇನ್ನು ಅಜ್ಜಿ ಪ್ರೀತಿಯಿಂದ ಕೊಡುವ ಬಿಸ್ಕತ್ತು, ಮಗು ಬೀಳಿಸಿದ ಚಪಾತಿ ಚೂರು, ಮಾಂಸದ ರುಚಿ ಬೆರೆಸಿದ ಜಂತುಹುಳದ ಮಾತ್ರೆ. ಎಂಟು ವಾರದ ಶ್ರಮ ಹಾಳಾಗುವುದು ಇಂಥವುಗಳಿಂದಲೇ. ಈರುಳ್ಳಿ ಹಾಕಿದ ಸಾರನ್ನಂತೂ ಪಥ್ಯವಿರಲಿ ಇಲ್ಲದಿರಲಿ, ನಾಯಿಗೆ ಕೊಡಲೇಬಾರದು.

ತುರಿಕೆ ಇಳಿಯಿತೆನ್ನಿ. ಅಲ್ಲಿಗೆ ಮುಗಿಯಲಿಲ್ಲ. ಹಳೆಯ ಆಹಾರವನ್ನು ಮತ್ತೆ ಕೊಟ್ಟು ನೋಡಬೇಕು. ಸಾಮಾನ್ಯವಾಗಿ ಎರಡು ವಾರದೊಳಗೆ ತುರಿಕೆ ಮರಳಿದರೆ ಆಹಾರವೇ ಕಾರಣವೆಂದು ಖಾತ್ರಿ. ಮರಳದಿದ್ದರೆ ಋತು ಬದಲಾಗಿಯೋ ಚಿಗಟ ಹೋಗಿಯೋ ವಾಸಿಯಾಗಿತ್ತು ಎಂದರ್ಥ. ನೆಪ್ಚೂನ್ ಕಥೆ ಓದಿದ ಮೇಲೆ ಈ ಎರಡನೇ ಸಲ ಎಂಬುದು ಹೆದರಿಸಬಹುದು. ತುರಿಕೆ ಮಾತ್ರ ಇರುವ ನಾಯಿಗೆ ಬಾಯಿಂದ ಕೊಡುವ ಈ ಪರೀಕ್ಷೆ ವೈದ್ಯರು ದಿನನಿತ್ಯ ಮಾಡಿಸುವಂಥದ್ದು. ಆದರೆ ಏನೋ ತಿಂದ ತಕ್ಷಣ ಮುಖ ಊದಿದ, ಉಸಿರು ಕಟ್ಟಿದ ನಾಯಿಯ ಮೇಲೆ ಮನೆಯಲ್ಲಿ ಈ ಪ್ರಯೋಗ ಬೇಡ.

ಅಂದಹಾಗೆ, ಹಸಿ ಮಾಂಸ ಕೊಟ್ಟರೆ ಅಲರ್ಜಿ ಹೋಗುತ್ತದೆ ಎಂಬ ಫಾರ್ವರ್ಡ್ ಬರೆಯುವವರಿಗೆ ರಿಶೆಯ ಇನ್ನೊಂದು ಮುಖ ಸಿಕ್ಕರೆ ಹಬ್ಬ. ಸುಮಾರು 1900ರಲ್ಲಿ ಆತ ಕ್ಷಯ ಅಂಟಿಸಿದ ನಾಯಿಗಳಿಗೆ ಹಸಿ ಮಾಂಸ ತಿನ್ನಿಸಿ, ಅವು ಹೆಚ್ಚು ದಿನ ಬದುಕಿದವೆಂದು ಕಂಡು, ಮನುಷ್ಯರ ಕ್ಷಯಕ್ಕೂ ಹಸಿ ಮಾಂಸದ ರಸವನ್ನು ಶಿಫಾರಸು ಮಾಡಿದ್ದ. ಕ್ಷಯಕ್ಕೆ ನಿಜವಾದ ಮದ್ದು ಬಂದದ್ದು 1940ರ ದಶಕದಲ್ಲಿ, ಸ್ಟ್ರೆಪ್ಟೊಮೈಸಿನ್ ರೂಪದಲ್ಲಿ. ತುರಿಕೆಯ ಮಟ್ಟಿಗೆ ಹಸಿ ಚಿಕನ್ ಕೂಡ ಚಿಕನ್ನೇ, ಜೊತೆಗೆ ಸಾಲ್ಮೊನೆಲಾ ಅಪಾಯ ಉಚಿತ. ನೊಬೆಲ್ ಬಂದವರು ಹೇಳಿದ್ದೆಲ್ಲ ಸರಿಯಾಗಿದ್ದರೆ ದೆವ್ವದ ಬೈಠಕ್ಕುಗಳನ್ನೂ ನಂಬಬೇಕಾಗುತ್ತಿತ್ತು. ಮಾಧ್ಯಮದವರೆಂದು ಹೇಳಿಕೊಳ್ಳುವವರ ಮೈಯಿಂದ ಹೊರಬರುತ್ತದೆ ಎನ್ನಲಾದ ವಸ್ತುವಿಗೆ ಎಕ್ಟೋಪ್ಲಾಸಂ ಎಂದು ಹೆಸರಿಟ್ಟವನೂ ರಿಶೆಯೇ. ಅದಕ್ಕಿಂತ ಕೆಟ್ಟದ್ದು, ಮನುಷ್ಯರಲ್ಲಿ ಮೇಲು-ಕೀಳು ತಳಿಗಳಿವೆ ಎಂದು ಬಲವಾಗಿ ನಂಬಿದ್ದ, ಫ್ರಾನ್ಸ್‌ನ ಸುಜನನ ಸಂಘದ ಅಧ್ಯಕ್ಷನೂ ಆಗಿದ್ದ.

1907ರಲ್ಲಿ ರಿಶೆ ಒಂದು ಜಾಣ ಪ್ರಯೋಗ ಮಾಡಿದ್ದ. ಹೀಗೆ ಸೂಕ್ಷ್ಮವಾದ ನಾಯಿಯ ರಕ್ತದ ದ್ರವವನ್ನು ಬೇರೆ ನಾಯಿಗೆ ಕೊಟ್ಟರೆ ಅದಕ್ಕೂ ಅದೇ ಸೂಕ್ಷ್ಮತೆ ಬರುತ್ತಿತ್ತು. ಅಂದರೆ ರಕ್ತದಲ್ಲಿ ಏನೋ ಇದೆ. ಆ ಏನೋ ಯಾವುದೆಂದು ತಿಳಿಯುವ ಮೊದಲೇ, 1935ರ ಡಿಸೆಂಬರ್ 4ರಂದು, 85ನೇ ವಯಸ್ಸಿನಲ್ಲಿ ಆತ ಪ್ಯಾರಿಸ್‌ನಲ್ಲಿ ತೀರಿಕೊಂಡ. ಮನುಷ್ಯರಲ್ಲಿ ಇಂಥ ಅಲರ್ಜಿ ತರುವ ಐಜಿಇ ಎಂಬ ಪ್ರತಿಕಾಯ ಪತ್ತೆಯಾದದ್ದು 1960ರ ದಶಕದಲ್ಲಿ. ಇಂದು ನಾಯಿಗಳ ರಕ್ತದಲ್ಲಿ ಅದನ್ನು ಅಳೆದು ಯಾವ ಆಹಾರ ಆಗದು ಎಂದು ಪಟ್ಟಿ ಕೊಡುವ ಪರೀಕ್ಷೆಗಳು ಮಾರಾಟಕ್ಕಿವೆ. ಆಹಾರದ ಅಲರ್ಜಿಯ ಮಟ್ಟಿಗೆ ಅವು ನೆಚ್ಚುವಂತಿಲ್ಲ. ಕೂದಲು ಮತ್ತು ಜೊಲ್ಲಿನ ಪರೀಕ್ಷೆಯಂತೂ ಇನ್ನೂ ತಮಾಷೆ: 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆಟದ ಗೊಂಬೆಯ ಕೃತಕ ತುಪ್ಪಳವನ್ನೂ ಉಪ್ಪುನೀರನ್ನೂ ನಾಯಿಯದ್ದೆಂದು ಕಳಿಸಿದರೆ, ಗೊಂಬೆಗೂ ಅಲರ್ಜಿ ಇದೆ ಎಂದು ವರದಿ ಬಂದಿತ್ತು.