ಯುದ್ಧಕ್ಕೂ ಮೇರೆಯಿಟ್ಟ ಫ್ರಾನ್ಸಿಸ್ ಲೀಬರ್

ಬರ್ಲಿನ್ನಿನಲ್ಲಿ ಜನಿಸಿದ ಲೀಬರರು 1815ರಲ್ಲಿ ನೆಪೋಲಿಯನ್ನನ ವಿರುದ್ಧ ಹೋರಾಡಿ, ನಾಮೂರಿನಲ್ಲಿ ತೀವ್ರವಾಗಿ ಗಾಯಗೊಂಡರು. 1827ರಲ್ಲಿ ಅಮೆರಿಕವನ್ನು ಸೇರಿ, ಮುಂದೆ ಪ್ರಾಧ್ಯಾಪಕರಾದರು. ಅಲ್ಲಿನ ಅಂತರ್ಯುದ್ಧವು ಅವರ ಮನೆಯನ್ನೇ ಒಡೆಯಿತು. ದಕ್ಷಿಣದ ಪಕ್ಷದಲ್ಲಿದ್ದ ಹಿರಿಯ ಮಗನು 1862ರಲ್ಲಿ ಮಡಿದನು; ಉತ್ತರದ ಸೇನೆಯಲ್ಲಿದ್ದ ಇಬ್ಬರಲ್ಲಿ ಒಬ್ಬನು ಅದೇ ವರ್ಷ ತೋಳನ್ನು ಕಳೆದುಕೊಂಡನು.

ಲೀಬರರು ಮುಖ್ಯವಾಗಿ ರಚಿಸಿದ 157 ವಿಧಿಗಳ ಯುದ್ಧಸಂಹಿತೆಯನ್ನು ಲಿಂಕನ್ ಸರಕಾರವು 1863ರ ಏಪ್ರಿಲ್ 24ರಂದು ತನ್ನ ಸೇನೆಗೆ ಹೊರಡಿಸಿತು. ನಿರಾಯುಧ ಪ್ರಜೆಯ ಪ್ರಾಣ, ಮಾನ, ಸ್ವತ್ತುಗಳನ್ನು ಯುದ್ಧದ ಅನಿವಾರ್ಯತೆಯು ಆಸ್ಪದವಿತ್ತಷ್ಟೂ ಕಾಪಾಡಬೇಕೆಂದು ಅದು ವಿಧಿಸಿತು. ಆದರೆ ಶತ್ರುಪಕ್ಷದ ನಿರಾಯುಧರನ್ನೂ ಹಸಿವಿಗೆ ದೂಡುವುದನ್ನು ಅದೇ ಸಂಹಿತೆಯು ಒಪ್ಪಿತ್ತು.

1872ರಲ್ಲಿ ಲೀಬರರು ಕಾಲವಾದರು. ನಾಗರಿಕರನ್ನು ಉಪವಾಸ ಕೆಡಹುವುದನ್ನೂ, ಸೈನಿಕ ಪ್ರಯೋಜನವನ್ನು ಮೀರಿ ಅವರಿಗೆ ಹಾನಿಯುಂಟುಮಾಡುವ ದಾಳಿಯನ್ನೂ 1977ರ ಜಿನೀವಾ ಪೂರಕ ಒಪ್ಪಂದವು ನಿಷೇಧಿಸಿತು. ಗುರುವಿನ ಬರಹವನ್ನು ಮುಂದಿನ ತಲೆಮಾರು ಹೀಗೆ ತಿದ್ದಿತು. ಅದನ್ನು ಪಾಲಿಸುವ ಪಾಠವು ಲೋಕಕ್ಕೆ ಇನ್ನೂ ಬಾಕಿಯಿದೆ.