ಉಗಿಗೆ ತೂಬಿಟ್ಟ ಮೇಸ್ತ್ರಿ: ಏಜೀಡ್ ವಾಲ್‌ಶಾರ್ಟ್ಸ್

ಕೃಷ್ಣರಾಜನಗರದ ನಿಲ್ದಾಣದಲ್ಲಿ ಉಗಿಬಂಡಿಯನ್ನು ನೋಡಿ ಬೆಳೆದವರಿಗೆ ಅದರ ಎರಡು ಸಂಗತಿಗಳು ಮರೆಯುವಂತಿಲ್ಲ. ಒಂದು ಅದರ ಸದ್ದು. ಇನ್ನೊಂದು ಚಕ್ರಗಳ ಹೊರಬದಿಯಲ್ಲಿ ಹಿಂದೆ ಮುಂದೆ ಆಡುತ್ತಿದ್ದ ಉಕ್ಕಿನ ಕೋಲುಗಳ ಮೇಳ. 1980ರ ದಶಕದಲ್ಲಿ, ಮೈಸೂರಿನಿಂದ ಹೊರಟು ಸಾಗರಕಟ್ಟೆಯ ಹಿನ್ನೀರನ್ನು ದಾಟಿ ಅರಸೀಕೆರೆಯ ಕಡೆಗೆ ಹೋಗುವ ಬಂಡಿ ನಮ್ಮೂರಿನಲ್ಲಿ ನಿಂತಾಗ, ಹುಡುಗರಾದ ನಾವು ಎಂಜಿನ್ನಿನ ಪಕ್ಕಕ್ಕೆ ಓಡುತ್ತಿದ್ದೆವು. ಉದ್ದನೆಯ ದಪ್ಪ ಕೋಲು ಚಕ್ರವನ್ನು ತಿರುಗಿಸುತ್ತದೆಂಬುದು ನೋಡಿದೊಡನೆ ತಿಳಿಯುತ್ತಿತ್ತು. ಅದರ ಮೇಲುಗಡೆ ಬಾಗಿದ ಒಂದು ಕಂಡಿ, ಕಂಡಿಯೊಳಗೆ ಜಾರುವ ಒಂದು ತುಂಡು, ಅದರ ಮುಂದೆ ಓಲಾಡುವ ಒಂದು ಸನ್ನೆ. ಇವುಗಳ ಕೆಲಸವೇನೆಂಬುದು ಮಾತ್ರ ತಿಳಿಯುತ್ತಿರಲಿಲ್ಲ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳಿಗೆ ಉಗಿಬಂಡಿ ಹೋಗಲೇ ಇಲ್ಲ. ಆ ಕಡೆಯ ನೆಂಟರ ಮಕ್ಕಳು ರಜೆಗೆ ಬಂದರೆ ಅವರಿಗೆ ನಾವು ತೋರಿಸುತ್ತಿದ್ದ ಮೊದಲ ಅದ್ಭುತ ಈ ಎಂಜಿನ್ನೇ. ಅವರೂ ಆ ಕೋಲುಗಳನ್ನೇ ತೋರಿಸಿ ಕೇಳುತ್ತಿದ್ದರು, ನಮ್ಮಲ್ಲಿ ಉತ್ತರವಿರಲಿಲ್ಲ.

ಆ ಕೋಲುಗಳಿಗೆ ಒಬ್ಬ ಮನುಷ್ಯನ ಹೆಸರಿದೆಯೆಂದೂ, ಆ ಮನುಷ್ಯನು ತನ್ನ ದೊಡ್ಡ ಸಂಶೋಧನೆಗೆ ತವರಿನಲ್ಲಿ ತನ್ನ ಹೆಸರನ್ನೇ ಇಡಲಾಗದೆ ಇದ್ದವನೆಂದೂ ತಿಳಿದದ್ದು ಬಹಳ ವರ್ಷಗಳ ಮೇಲೆ. ಆತನೇ ಬೆಲ್ಜಿಯಂ ದೇಶದ ಏಜೀಡ್ ವಾಲ್‌ಶಾರ್ಟ್ಸ್. ಉಗಿ ಎಂಜಿನ್ನಿನ ಕತೆಯನ್ನು ಹೇಳುವವರು ಜೇಮ್ಸ್ ವಾಟನನ್ನೂ ಜಾರ್ಜ್ ಸ್ಟೀಫನ್‌ಸನ್ನನನ್ನೂ ಹೆಸರಿಸಿ ಮುಗಿಸುತ್ತಾರೆ. ವಾಲ್‌ಶಾರ್ಟ್ಸನ ಹೆಸರು ರೈಲ್ವೆಯ ಜನರ ಬಾಯಲ್ಲಿ ಮಾತ್ರ ಉಳಿಯಿತು. ಆದರೆ ಅಲ್ಲಿ ಅದು ಉಳಿದಷ್ಟು ಗಟ್ಟಿಯಾಗಿ ಉಳಿದ ಹೆಸರುಗಳು ಕಡಿಮೆ.

ವಾಲ್‌ಶಾರ್ಟ್ಸನು 1820ರ ಜನವರಿ 21ರಂದು ಮೆಕೆಲೆನ್ ಎಂಬ ಊರಿನಲ್ಲಿ ಹುಟ್ಟಿದನು. ಬ್ರಸೆಲ್ಸ್ ಮತ್ತು ಆಂಟ್‌ವರ್ಪ್ ನಗರಗಳ ನಡುವಿನ ಹಳೆಯ ಪಟ್ಟಣವದು. ಅವನಿಗೆ ಹತ್ತು ವರ್ಷವಾಗಿದ್ದಾಗ, 1830ರಲ್ಲಿ, ಬೆಲ್ಜಿಯಂ ಸ್ವತಂತ್ರವಾಯಿತು. ಹೊಸ ರಾಷ್ಟ್ರವು ಕೈಹಾಕಿದ ಮೊದಲ ದೊಡ್ಡ ಕಾರ್ಯಗಳಲ್ಲಿ ರೈಲುಮಾರ್ಗವೂ ಒಂದು. 1835ರ ಮೇ 5ರಂದು ಬ್ರಸೆಲ್ಸಿನಿಂದ ಮೆಕೆಲೆನ್ನಿಗೆ ಉಗಿಬಂಡಿ ಓಡಿತು. ಇಂಗ್ಲೆಂಡನ್ನು ಬಿಟ್ಟರೆ ಯೂರೋಪಿನ ನೆಲದ ಮೇಲೆ ಉಗಿಯ ಬಲದಿಂದ ಪ್ರಯಾಣಿಕರನ್ನು ಕರೆದೊಯ್ದ ಮೊದಲ ಸಾರ್ವಜನಿಕ ಮಾರ್ಗವೆಂದು ಇದು ಹೆಸರಾಯಿತು. ಆ ದಿನ ಬಂದ ಎಂಜಿನ್ನುಗಳಲ್ಲಿ ಒಂದರ ಹೆಸರು ಬಾಣ, ಒಂದರ ಹೆಸರು ಆನೆ, ಮತ್ತೊಂದರ ಹೆಸರು ಸ್ಟೀಫನ್‌ಸನ್. ವಾಲ್‌ಶಾರ್ಟ್ಸನು ಆಗ ಹದಿನೈದರ ಹುಡುಗ. ಊರ ಬಾಗಿಲಿಗೆ ಬಂದ ಆ ಯಂತ್ರ ಅವನ ಬಾಳಿನ ದಾರಿಯನ್ನೇ ತಿರುಗಿಸಿತು. ಮೂರು ವರ್ಷಗಳ ಮೇಲೆ, 1838ರಲ್ಲಿ, ಮೆಕೆಲೆನ್ನಿನ ವಸ್ತುಪ್ರದರ್ಶನದಲ್ಲಿ ಅವನು ತನ್ನ ಕೈಯಾರೆ ಮಾಡಿದ ಯಂತ್ರಗಳ ಮಾದರಿಗಳನ್ನು ಇಟ್ಟನು. ನೋಡಿದ ದೊಡ್ಡವರು ಮೆಚ್ಚಿದರು. ಲಿಯೆಜ್ ನಗರದ ವಿಶ್ವವಿದ್ಯಾಲಯದಲ್ಲಿ ಓದುವ ಅವಕಾಶವೂ ಒದಗಿತು. ಆದರೆ ಕಾಯಿಲೆ ಬಿದ್ದು ಓದು ಅರ್ಧಕ್ಕೆ ನಿಂತಿತು. ಪದವಿಯಿಲ್ಲದೆ ಊರಿಗೆ ಮರಳಿದ ಆ ಹುಡುಗನ ಮುಂದಿನ ಬಾಳನ್ನೆಲ್ಲ ಈ ಒಂದು ಕೊರತೆ ಆಳಿತೆನ್ನಬಹುದು.

1842ರಲ್ಲಿ ಅವನು ಬೆಲ್ಜಿಯಂ ಸರಕಾರದ ರೈಲ್ವೆಯ ಕಾರ್ಯಾಗಾರದಲ್ಲಿ ಕೆಲಸಗಾರನಾಗಿ ಸೇರಿದನು. ಎರಡೇ ವರ್ಷಗಳಲ್ಲಿ, ಇಪ್ಪತ್ತನಾಲ್ಕರ ಹರೆಯದಲ್ಲಿ, ಬ್ರಸೆಲ್ಸಿನ ದಕ್ಷಿಣ ನಿಲ್ದಾಣದ ಕಾರ್ಯಾಗಾರಕ್ಕೆ ಮೇಸ್ತ್ರಿಯಾದನು. ಇಷ್ಟು ಬೇಗ ಮೇಲೇರಿದವನು ಎಂಜಿನಿಯರನ ಪದವಿಗೂ ಏರುವನೆಂದು ಯಾರಾದರೂ ಎಣಿಸಬೇಕಾದದ್ದೇ. ಹಾಗಾಗಲಿಲ್ಲ. ಅವನು ಕೊನೆಯವರೆಗೂ ಮೇಸ್ತ್ರಿಯಾಗಿಯೇ ಉಳಿದನು.

ಆ ಕಾಲದ ಎಂಜಿನ್ನಿನ ತೊಡಕು ಏನೆಂಬುದನ್ನು ಇಲ್ಲಿ ತುಸು ವಿವರಿಸಬೇಕು. ಉಗಿಯು ಸಿಲಿಂಡರನ್ನು ಹೊಕ್ಕು ಪಿಸ್ಟನ್ನನ್ನು ತಳ್ಳುತ್ತದೆ. ಪಿಸ್ಟನ್ನು ಕೋಲನ್ನು ತಳ್ಳುತ್ತದೆ. ಕೋಲು ಚಕ್ರವನ್ನು ತಿರುಗಿಸುತ್ತದೆ. ಇಷ್ಟು ಎಲ್ಲರೂ ಬಲ್ಲ ಸಂಗತಿ. ಆದರೆ ಉಗಿಯು ಒಮ್ಮೆ ಪಿಸ್ಟನ್ನಿನ ಈ ಬದಿಗೆ, ಮರುಗಳಿಗೆ ಆ ಬದಿಗೆ ಹೋಗಬೇಕು; ಕೆಲಸ ಮುಗಿಸಿದ ಉಗಿ ಹೊರಗೆ ನಡೆಯಬೇಕು. ಇದನ್ನು ನಡೆಸುವುದು ಕವಾಟ. ಕಾವೇರಿಯ ನಾಲೆಗಳ ಬದಿಯಲ್ಲಿ ಬಾಳುವ ನಮಗೆ ಇದು ಹೊಸದಲ್ಲ. ನಾಲೆಯಲ್ಲಿ ಎಷ್ಟು ನೀರಿದ್ದರೂ ತೂಬನ್ನು ಹೊತ್ತಿಗೆ ಎತ್ತಿ ಹೊತ್ತಿಗೆ ಇಳಿಸುವ ನೀರುಗಂಟಿ ಇಲ್ಲದಿದ್ದರೆ ಒಂದು ಗದ್ದೆ ಕೊಳೆಯುತ್ತದೆ, ಇನ್ನೊಂದು ಒಣಗುತ್ತದೆ. ಎಂಜಿನ್ನಿನ ನೀರುಗಂಟಿ ಈ ಕೆಲಸವನ್ನು ನಿಮಿಷಕ್ಕೆ ನೂರಾರು ಸಲ ತಪ್ಪಿಲ್ಲದೆ ಮಾಡಬೇಕು.

ಅಷ್ಟೇ ಅಲ್ಲ. ಪಿಸ್ಟನ್ನು ಸಿಲಿಂಡರಿನ ಕೊನೆ ಮುಟ್ಟುವವರೆಗೂ ಉಗಿಯನ್ನು ಬಿಡುತ್ತಲೇ ಇದ್ದರೆ ಬಲವೇನೋ ಹೆಚ್ಚು ಸಿಕ್ಕುತ್ತದೆ, ಆದರೆ ಇದ್ದಿಲೂ ನೀರೂ ವೃಥಾ ಖರ್ಚಾಗುತ್ತವೆ. ಸ್ವಲ್ಪ ದೂರ ಉಗಿಯನ್ನು ಬಿಟ್ಟು ತೂಬನ್ನು ಮುಚ್ಚಿದರೆ, ಒಳಗಿರುವ ಉಗಿಯು ತಾನೇ ಹಿಗ್ಗಿ ಉಳಿದ ದೂರ ಪಿಸ್ಟನ್ನನ್ನು ತಳ್ಳುತ್ತದೆ. ಈ ಮಿತವ್ಯಯದ ಗುಟ್ಟನ್ನು ಜೇಮ್ಸ್ ವಾಟನು 18ನೆಯ ಶತಮಾನದಲ್ಲೇ ಕಂಡಿದ್ದನು. ಆದರೆ ಬಂಡಿ ಎಳೆಯುವ ಎಂಜಿನ್ನಿನಲ್ಲಿ, ಓಡುತ್ತಿರುವಾಗಲೇ, ಚಾಲಕನು ಈ ಮಿತಿಯನ್ನು ಹೆಚ್ಚು ಕಡಿಮೆ ಮಾಡುವುದು ಹೇಗೆ? ಅದೇ ಸಾಧನದಿಂದ ಎಂಜಿನ್ನನ್ನು ಹಿಂದಕ್ಕೂ ನಡೆಸುವುದು ಹೇಗೆ? ಮೊದಲಿನ ಎಂಜಿನ್ನುಗಳಲ್ಲಿ ಕೊಕ್ಕೆಯ ಕೋಲುಗಳಿದ್ದವು. ಒಂದು ಕೊಕ್ಕೆ ಸಿಕ್ಕಿಸಿದರೆ ಮುಂದಕ್ಕೆ, ಇನ್ನೊಂದು ಸಿಕ್ಕಿಸಿದರೆ ಹಿಂದಕ್ಕೆ. ನಡುವಿನ ಮಾತೇ ಇರಲಿಲ್ಲ.

1842ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ಲಿನಲ್ಲಿ, ರಾಬರ್ಟ್ ಸ್ಟೀಫನ್‌ಸನ್ನನ ಕಾರ್ಖಾನೆಯಲ್ಲಿ, ಇದಕ್ಕೆ ಒಂದು ಉತ್ತರ ದೊರೆಯಿತು. ವಿಲಿಯಂ ವಿಲಿಯಮ್ಸ್ ಎಂಬ ಕಲಿಯುವ ತರುಣನ ಯೋಚನೆಗೆ ವಿಲಿಯಂ ಹೋವ್ ಎಂಬ ಮಾದರಿ ಮಾಡುವ ಕೆಲಸಗಾರ ರೂಪ ಕೊಟ್ಟನು. ಚಕ್ರದ ಅಚ್ಚಿನ ಮೇಲಿನ ಎರಡು ಬಿಲ್ಲೆಗಳ ಚಲನೆಯನ್ನು ಬಾಗಿದ ಒಂದು ಕಂಡಿ ಕೂಡಿಸುತ್ತಿತ್ತು. ಆ ರಚನೆ ಕೆಲಸಗಾರರ ಹೆಸರಿನಿಂದಲ್ಲ, ಮಾಲೀಕನಾದ ಸ್ಟೀಫನ್‌ಸನ್ನನ ಹೆಸರಿನಿಂದ ಲೋಕಕ್ಕೆ ಪರಿಚಯವಾಯಿತು.

ಎರಡು ವರ್ಷಗಳ ಮೇಲೆ ಬ್ರಸೆಲ್ಸಿನ ಮೇಸ್ತ್ರಿ ಬೇರೊಂದು ದಾರಿ ಹಿಡಿದನು. ಕವಾಟಕ್ಕೆ ಬೇಕಾದ ಚಲನೆ ಒಂದಲ್ಲ, ಎರಡು ಚಲನೆಗಳ ಕೂಡಿಕೆ ಎಂಬುದನ್ನು ಅವನು ಕಂಡನು. ಒಂದನ್ನು ಅವನು ಚಕ್ರದಿಂದ ಪಡೆದನು. ಇನ್ನೊಂದನ್ನು ಪಿಸ್ಟನ್ನಿನ ದಂಡದ ತುದಿಯಿಂದಲೇ ಪಡೆದನು. ಚಕ್ರದಿಂದ ಬಂದ ಚಲನೆಯು ನಡುವೆ ಕೀಲಿರುವ ಬಾಗಿದ ಕಂಡಿಯನ್ನು ತೂಗುತ್ತದೆ. ಕಂಡಿಯೊಳಗಿನ ತುಂಡನ್ನು ಚಾಲಕನು ಕೀಲಿನ ಒಂದು ಬದಿಗೆ ಸರಿಸಿದರೆ ಎಂಜಿನ್ನು ಮುಂದಕ್ಕೆ, ಇನ್ನೊಂದು ಬದಿಗೆ ಸರಿಸಿದರೆ ಹಿಂದಕ್ಕೆ. ನಡುವಿಗೆ ತಂದಷ್ಟೂ ಉಗಿಯ ತೂಬು ಬೇಗ ಮುಚ್ಚುತ್ತದೆ; ಇದ್ದಿಲು ಉಳಿಯುತ್ತದೆ. ಪಿಸ್ಟನ್ನಿನಿಂದ ಬಂದ ಚಲನೆಯನ್ನು ಓಲಾಡುವ ಸನ್ನೆಯು ಇದಕ್ಕೆ ಸೇರಿಸುತ್ತದೆ. ಇದರ ಫಲವಾಗಿ, ಪಿಸ್ಟನ್ನು ತುದಿ ಮುಟ್ಟುವ ಹೊತ್ತಿಗೆ ಕವಾಟವು ಯಾವಾಗಲೂ ಅಷ್ಟೇ ತೆರೆದಿರುತ್ತದೆ. ಚಾಲಕನು ಮಿತಿಯನ್ನು ಎಷ್ಟೇ ಬದಲಿಸಿದರೂ ಆ ಮುಂಗಡ ಬದಲಾಗುವುದಿಲ್ಲ. ಸ್ಟೀಫನ್‌ಸನ್ನನ ರಚನೆಯಲ್ಲಿ ಈ ಸ್ಥಿರತೆ ಇರಲಿಲ್ಲ. ನಾವು ಹುಡುಗರು ಅರ್ಥವಾಗದೆ ನೋಡುತ್ತಿದ್ದ ಕೋಲುಗಳ ಅರ್ಥ ಇದೇ.

ನಾವು ಬಾಯಲ್ಲಿ ಅನುಕರಿಸುತ್ತಿದ್ದ ಸದ್ದಿನ ಅರ್ಥವೂ ಇದರಲ್ಲೇ ಇದೆ. ಕವಾಟ ತೆರೆದು, ಕೆಲಸ ಮುಗಿಸಿದ ಉಗಿಯು ಹೊಗೆಕೊಳವೆಯಿಂದ ನುಗ್ಗುವಾಗ ಒಂದು ಪೆಟ್ಟು. ಎರಡು ಸಿಲಿಂಡರುಗಳ ಎಂಜಿನ್ನಿನಲ್ಲಿ ಚಕ್ರದ ಒಂದು ಸುತ್ತಿಗೆ ಇಂಥ ನಾಲ್ಕು ಪೆಟ್ಟುಗಳು. ಹೊರಡುವಾಗ ಉಗಿ ಧಾರಾಳವಾಗಿ ಹರಿಯುವುದರಿಂದ ಸದ್ದು ಗಂಭೀರ. ವೇಗ ಬಂದಮೇಲೆ ಚಾಲಕನು ತೂಬನ್ನು ಬಿಗಿಹಿಡಿಯುವುದರಿಂದ ಸದ್ದು ಮೆತ್ತಗೆ. ನಾಲ್ಕು ಪೆಟ್ಟುಗಳೂ ಒಂದೇ ಅಳತೆಯಲ್ಲಿ ಬಿದ್ದರೆ ಕವಾಟವನ್ನು ಸರಿಯಾಗಿ ಕೂಡಿಸಿದ್ದಾರೆಂದು ಅರ್ಥ.

ಇಂಥದೊಂದು ರಚನೆಯನ್ನು ಕಂಡುಕೊಂಡ ಮೇಸ್ತ್ರಿಗೆ ಮೊದಲ ಅಡ್ಡಿ ಬಂದದ್ದು ಯಂತ್ರದಿಂದಲ್ಲ, ನಿಯಮದಿಂದ. ಸರಕಾರಿ ರೈಲ್ವೆಯಲ್ಲಿ ಅವನ ದರ್ಜೆಯ ನೌಕರನು ತನ್ನ ಸಂಶೋಧನೆಯ ಹಕ್ಕುಪತ್ರದಿಂದ ಲಾಭ ಪಡೆಯುವಂತಿರಲಿಲ್ಲ. ಆದ್ದರಿಂದ 1844ರ ಅಕ್ಟೋಬರ್ 5ರಂದು ಫಿಷರ್ ಎಂಬ ಎಂಜಿನಿಯರನು ತನ್ನ ಹೆಸರಿನಲ್ಲಿ ಹಕ್ಕಿಗೆ ಅರ್ಜಿ ಹಾಕಿದನು. ಅದೇ ವರ್ಷ ಹಕ್ಕು ದೊರೆಯಿತು. ಇಲ್ಲಿ ಫಿಷರನಿಗೆ ಅನ್ಯಾಯ ಮಾಡಬಾರದು. ಆ ಸಂಶೋಧನೆ ತನ್ನದೆಂದು ಅವನು ಎಂದೂ ಹೇಳಿಕೊಂಡವನಲ್ಲ. ತಪ್ಪಿದ್ದರೆ ಅದು ಒಬ್ಬ ಮನುಷ್ಯನದಲ್ಲ. ಬುದ್ಧಿಯು ದರ್ಜೆಯನ್ನು ನೋಡಿ ಹುಟ್ಟುತ್ತದೆಂದು ನಂಬಿದ ವ್ಯವಸ್ಥೆಯದು. ಅದೇ ವರ್ಷ ಫ್ರಾನ್ಸಿನಲ್ಲಿ ವಾಲ್‌ಶಾರ್ಟ್ಸನು ತನ್ನ ಹೆಸರಿನಲ್ಲೇ ಹಕ್ಕನ್ನು ಕೇಳಿದನು. ಹೊರನಾಡಿನಲ್ಲಿ ಸಾಧ್ಯವಾದದ್ದು ಹುಟ್ಟಿದ ನಾಡಿನಲ್ಲಿ ಸಾಧ್ಯವಾಗಲಿಲ್ಲ.

ಅವನು ಕೊರಗುತ್ತ ಕೂರಲಿಲ್ಲ. ಮೊದಲ ರಚನೆಯನ್ನು ತಿದ್ದಿ ಸರಳಗೊಳಿಸಿದನು. 1848ರಲ್ಲಿ ಬ್ರಸೆಲ್ಸಿನ ಕಾರ್ಯಾಗಾರದ ಒಂದು ಎಂಜಿನ್ನಿಗೆ ಅದನ್ನು ಜೋಡಿಸಲಾಯಿತು. ಆಗಿನ ರೂಪವೇ ಹೆಚ್ಚುಕಡಿಮೆ ಇಂದಿಗೂ ವಸ್ತುಸಂಗ್ರಹಾಲಯಗಳ ಎಂಜಿನ್ನುಗಳಲ್ಲಿ ಕಾಣುವ ರೂಪ. ಆದರೂ ಹರಡಲು ಕಾಲ ಹಿಡಿಯಿತು. ಜರ್ಮನಿಯಲ್ಲಿ ಹೋಯ್ಸಿಂಗರ್ ಎಂಬ ಎಂಜಿನಿಯರನು 1849ರಲ್ಲಿ ಸ್ವತಂತ್ರವಾಗಿ ಇಂಥದೇ ರಚನೆಯನ್ನು ಕಂಡುಹಿಡಿದದ್ದರಿಂದ ಅಲ್ಲಿ ಅದಕ್ಕೆ ಅವನ ಹೆಸರೇ ನಿಂತಿತು. ಇಂಗ್ಲೆಂಡಿನವರಿಗೆ ಸ್ಟೀಫನ್‌ಸನ್ನನ ರಚನೆ ಸಾಕೆನಿಸಿತ್ತು. ಅಮೆರಿಕದಲ್ಲಿ 1870ರ ದಶಕದಲ್ಲಿ ವಿಲಿಯಂ ಮೇಸನ್ ಎಂಬ ತಯಾರಕನು ಇದನ್ನು ಬಳಸಿದನು. ಉಳಿದವರು ಕೂಡಲೇ ಹಿಂಬಾಲಿಸಲಿಲ್ಲ.

ವಾಲ್‌ಶಾರ್ಟ್ಸನು 1901ರ ಫೆಬ್ರುವರಿ 18ರಂದು ಬ್ರಸೆಲ್ಸಿನ ಸೇಂಟ್ ಗಿಲ್ ಬಡಾವಣೆಯಲ್ಲಿ ತೀರಿಕೊಂಡನು. ಆಗ ಅವನಿಗೆ ಎಂಬತ್ತೊಂದು ವರ್ಷ. ವಿಧಿಯ ವೈಚಿತ್ರ್ಯವೆಂದರೆ, ಅವನ ರಚನೆಯ ದಿಗ್ವಿಜಯ ನಡೆದದ್ದು ಬಹುಮಟ್ಟಿಗೆ ಇದಾದ ಮೇಲೆ. ಎಂಜಿನ್ನುಗಳು ದೊಡ್ಡವಾದವು. ಚಕ್ರಗಳ ನಡುವೆ ಅಡಗಿದ್ದ ಸ್ಟೀಫನ್‌ಸನ್ನನ ಬಿಲ್ಲೆಗಳಿಗೆ ಜಾಗ ಸಾಲದಾಯಿತು. ಎಣ್ಣೆ ಹಾಕಲು, ಸವೆದುದನ್ನು ತೆಗೆಯಲು ಕೆಲಸಗಾರನು ಎಂಜಿನ್ನಿನ ಹೊಟ್ಟೆಯೊಳಗೆ ನುಸುಳಬೇಕಾಯಿತು. ವಾಲ್‌ಶಾರ್ಟ್ಸನ ಕೋಲುಗಳು ಹೊರಗಿದ್ದವು, ಹಗುರವಾಗಿದ್ದವು, ಕಣ್ಣಿಗೆ ಕಾಣುತ್ತಿದ್ದವು. 1904ರಲ್ಲಿ ಅಮೆರಿಕದ ಬಾಲ್ಟಿಮೋರ್ ಮತ್ತು ಓಹಾಯೊ ರೈಲ್ವೆಯ ಭಾರಿ ಎಂಜಿನ್ನೊಂದಕ್ಕೆ ಇದನ್ನು ಅಳವಡಿಸಿದಮೇಲೆ ಆ ದೇಶವೂ ಒಲಿಯಿತು. ಬರಬರುತ್ತ ಇದು ಲೋಕದ ಬಹುಭಾಗ ಎಂಜಿನ್ನುಗಳ ಅಂಗವಾಯಿತು. ಮೇಜಿನ ಮುಂದೆ ಕುಳಿತು ನಕ್ಷೆ ಬರೆದವನಿಗಿಂತ, ಎಣ್ಣೆಯ ಕೈಯಿಂದ ಯಂತ್ರವನ್ನು ಬಿಚ್ಚಿ ಕೂಡಿಸಿದವನಿಗೆ ಕೆಲಸಗಾರನ ಕಷ್ಟ ಹೆಚ್ಚು ತಿಳಿದಿರುತ್ತದೆ.

ನಮ್ಮ ಸೀಮೆಗೆ ಇದು ಇನ್ನೂ ಚೆನ್ನಾಗಿ ಒಪ್ಪಿತು. ಮೈಸೂರಿನಿಂದ ಕೃಷ್ಣರಾಜನಗರ, ಹಾಸನಗಳ ಮೂಲಕ ಅರಸೀಕೆರೆಗೆ 1918ರಲ್ಲಿ ತೆರೆದ ಮಾರ್ಗ ಮೀಟರ್ ಗೇಜಿನದು. ಹಳಿಗಳ ನಡುವಿನ ಅಂತರ ಒಂದೇ ಮೀಟರ್. ಅಷ್ಟು ಇಕ್ಕಟ್ಟಿನಲ್ಲಿ ಕವಾಟದ ಕೋಲುಗಳಿಗೆ ಚಕ್ರಗಳ ಹೊರಬದಿಯೇ ತಕ್ಕ ಜಾಗ. ಸ್ವಾತಂತ್ರ್ಯಾನಂತರ ಇಂಥ ಮಾರ್ಗಗಳಿಗೆಂದು ಬಂದ ವೈ.ಪಿ. ವರ್ಗದ ಎಂಜಿನ್ನುಗಳನ್ನು 1949ರಿಂದ 1970ರವರೆಗೆ ಕಟ್ಟಿದರು. ಮೊದಲಿನವು ಅಮೆರಿಕದಿಂದ ಬಂದವು, ಆಮೇಲೆ ಜಮ್‌ಶೆಡ್‌ಪುರದಲ್ಲೂ ತಯಾರಾದವು. ಅವೆಲ್ಲವುಗಳ ಮೈಮೇಲೆ ಆಡುತ್ತಿದ್ದುದು ಆ ಬೆಲ್ಜಿಯಂ ಮೇಸ್ತ್ರಿಯ ಕೋಲುಗಳೇ. ಮೈಸೂರಿನಲ್ಲಿ 1924ರಲ್ಲಿ ಆರಂಭವಾದ ರೈಲ್ವೆ ಕಾರ್ಯಾಗಾರದಂಥ ಎಡೆಗಳಲ್ಲಿ ಅವುಗಳನ್ನು ಬಿಚ್ಚಿ, ತೊಳೆದು, ಅಳೆದು, ಮತ್ತೆ ಕೂಡಿಸಿದ ಫಿಟ್ಟರುಗಳೂ ಮೇಸ್ತ್ರಿಗಳೂ ಅವನ ನಿಜವಾದ ಓದುಗರು. ಒಂದು ಕಾವ್ಯವನ್ನು ತಲೆಮಾರಿನಿಂದ ತಲೆಮಾರಿಗೆ ಉಳಿಸುವವರು ಅದನ್ನು ಬಾಯಿಪಾಠ ಮಾಡಿದವರು. ಈ ಕಾವ್ಯವನ್ನು ಅವರು ಕೈಪಾಠ ಮಾಡಿದ್ದರು.

ಉಗಿಯ ಯುಗ ಮುಗಿಯಿತು. ನಮ್ಮೂರಿನ ಮೀಟರ್ ಗೇಜ್ ಹಳಿಯೂ ಹೋಗಿ ಬ್ರಾಡ್ ಗೇಜ್ ಬಂದಿತು. ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ 1979ರಿಂದ ಹಳೆಯ ಎಂಜಿನ್ನುಗಳು ಮಾತಿಲ್ಲದೆ ನಿಂತಿವೆ. ಅಲ್ಲಿಗೆ ಹೋಗುವ ವಿದ್ಯಾರ್ಥಿಗಳು ಚಕ್ರದ ಹೊರಬದಿಯಲ್ಲಿ ಬಾಗಿದ ಕಂಡಿಯನ್ನೂ ಓಲಾಡುವ ಸನ್ನೆಯನ್ನೂ ಕಂಡರೆ ಒಂದು ಗಳಿಗೆ ನಿಲ್ಲಲಿ. ಆ ಕಂಡಿಯ ಹಕ್ಕುಪತ್ರದಲ್ಲಿ ಬೇರೊಬ್ಬನ ಹೆಸರಿತ್ತು. ಅದನ್ನು ಕಂಡವನು ಮೇಸ್ತ್ರಿಯ ದರ್ಜೆಯನ್ನು ದಾಟಲಿಲ್ಲ. ಆದರೆ ಆ ಪತ್ರವನ್ನು ಇಂದು ನೆನೆಯುವವರು ಎಷ್ಟು ಮಂದಿ? ಕೋಲುಗಳನ್ನು ಜಗತ್ತು ವಾಲ್‌ಶಾರ್ಟ್ಸನ ಹೆಸರಿನಿಂದಲೇ ಕರೆಯುತ್ತದೆ. ದರ್ಜೆಯನ್ನು ಕೊಡುವುದು ಸರಕಾರದ ಕೈಯಲ್ಲಿತ್ತು. ಹೆಸರನ್ನು ಉಳಿಸುವುದು ಕೆಲಸದ ಕೈಯಲ್ಲಿತ್ತು.