ಗುಂಡಿಯ ಕಪ್ಪೆಗಳೂ ಕಾರಂತಜ್ಜನೂ

ಕಳೆದ ಮಳೆಗಾಲದಲ್ಲಿ ನಮ್ಮ ಕಾಲೇಜಿನ ಎನ್‌ಎಸ್‌ಎಸ್ ತಂಡ ಹಳ್ಳಿಯೊಂದರ ಶಾಲೆಗೆ ಎರಡು ಶನಿವಾರ ಹೋಗಿತ್ತು. ಐದನೇ ತರಗತಿಗೆ ಪ್ರಾಣಿಗಳ ಆವಾಸದ ಪಾಠ ಮಾಡುವ ಹೊಣೆ ನನ್ನದು. ಲ್ಯಾಪ್‌ಟಾಪ್‌ನಲ್ಲಿ ಚಂದದ ಸ್ಲೈಡ್ ತೋರಿಸಿದೆ. ಕಪ್ಪೆ ಎಲ್ಲಿರುತ್ತದೆ ಎಂದರೆ ನೆಲದಲ್ಲೂ ನೀರಲ್ಲೂ ಎಂದು ಮಕ್ಕಳು ಒಕ್ಕೊರಲಿನಿಂದ ಕೂಗಿದರು. ಪಾಠ ಗೆದ್ದಿತು ಅಂದುಕೊಂಡೆ. ಶಾಲೆಯ ಹಿಂದೆ ಮಳೆನೀರು ನಿಂತ ಗುಂಡಿಯೊಂದಿತ್ತು. ಮುಂದಿನ ವಾರ ಅದನ್ನು ಮುಚ್ಚುವುದು ನಮ್ಮ ಶ್ರಮದಾನದ ಪಟ್ಟಿಯಲ್ಲಿತ್ತು.

ಆ ರಾತ್ರಿ ಹಾಸ್ಟೆಲ್‌ನಲ್ಲಿ ಪುತ್ತೂರಿನ ಗೆಳೆಯ ನನ್ನ ಸ್ಲೈಡ್ ನೋಡಿ ನಕ್ಕ. ಶಿವರಾಮ ಕಾರಂತರ ಬಾಲವನದ ಬಗ್ಗೆ ಓದು ಎಂದ. ಅಲ್ಲಿಯವರೆಗೆ ಕಾರಂತರೆಂದರೆ ನನಗೆ ಸ್ಪರ್ಧಾತ್ಮಕ ಪರೀಕ್ಷೆಯ ಒಂದಂಕದ ಉತ್ತರ: ‘ಮೂಕಜ್ಜಿಯ ಕನಸುಗಳು’, ಜ್ಞಾನಪೀಠ, 1977.

ಅವರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಉಡುಪಿ ಜಿಲ್ಲೆಯ ಕೋಟದಲ್ಲಿ. ಗಾಂಧೀಜಿಯವರ ಅಸಹಕಾರ ಚಳವಳಿಗೆ ಓಗೊಟ್ಟು ಕಾಲೇಜು ಬಿಟ್ಟರು, ಪದವಿ ಪಡೆಯಲಿಲ್ಲ. ಪುತ್ತೂರಿನಲ್ಲಿ ಬಾಲವನ ಕಟ್ಟಿದರು. ಮಕ್ಕಳು ಆಡುತ್ತ, ಕುಣಿಯುತ್ತ, ಸುತ್ತಲಿನ ಪ್ರಕೃತಿ ನೋಡುತ್ತ ಕಲಿಯಬೇಕೆಂಬುದು ಅಲ್ಲಿನ ಪ್ರಯೋಗ. ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲಪ್ರಪಂಚ’, ಆಮೇಲೆ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’. ಗೂಗಲ್ ಇಲ್ಲದ ಕಾಲದಲ್ಲಿ ಒಬ್ಬರೇ ಕೂತು ಬರೆದ ವಿಶ್ವಕೋಶಗಳಿವು!

ಮಗ ಉಲ್ಲಾಸ ಕಾರಂತರು ಸುರತ್ಕಲ್‌ನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ಕೊನೆಗೆ ನಾಗರಹೊಳೆಯ ಹುಲಿಗಳ ಅಧ್ಯಯನಕ್ಕೆ ಇಳಿದರು. ಕ್ಯಾಂಪಸ್ ಸಂದರ್ಶನದ ಚಿಂತೆಯಲ್ಲಿದ್ದ ನಾನು ಈ ಸಾಲನ್ನು ಎರಡು ಸಲ ಓದಿದೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಕೈಗಾದಲ್ಲಿ ಅಣುವಿದ್ಯುತ್ ಸ್ಥಾವರ ಬಂದಾಗ ಪಶ್ಚಿಮಘಟ್ಟದ ಕಾಡಿಗಾಗಿ ಕಾರಂತರು ವಿರೋಧಕ್ಕೆ ನಿಂತರು. 1989ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಲೋಕಸಭೆಗೂ ಸ್ಪರ್ಧಿಸಿದರು. ಸೋತರು. ಸ್ಥಾವರವೂ ಆಯಿತು. ಆದರೂ ಅವರ ಆಸಕ್ತಿ ಬತ್ತಲಿಲ್ಲ. ತೊಂಬತ್ತು ದಾಟಿದ ಮೇಲೂ ಹಕ್ಕಿಗಳ ಬಗ್ಗೆ ಪುಸ್ತಕ ಬರೆದರು. 1997ರ ಡಿಸೆಂಬರ್ 9ರಂದು ತೀರಿಕೊಂಡರು. ಒಂದು ಜಾಗವನ್ನು ಮಕ್ಕಳಿಗೆ ಪರಿಚಯಿಸುವುದು, ಅದನ್ನು ಉಳಿಸಲು ನಿಲ್ಲುವುದು ಅವರಿಗೆ ಎರಡು ಬೇರೆ ಕೆಲಸಗಳಾಗಿರಲಿಲ್ಲ.

ಎರಡನೇ ಶನಿವಾರ ಲ್ಯಾಪ್‌ಟಾಪ್ ಬ್ಯಾಗಿನಲ್ಲೇ ಉಳಿಯಿತು. ಮಕ್ಕಳಿಗೆ ಒಂದೊಂದು ಮಾರು ದಾರ ಕೊಟ್ಟೆ. ಗುಂಡಿಯ ಸುತ್ತ ದಾರವನ್ನು ಉಂಗುರದಂತೆ ಹಾಸಿ, ಅದರೊಳಗೆ ಏನೇನಿದೆ ಎಂದು ಹತ್ತು ನಿಮಿಷ ನೋಡಿ ಬರೆಯಬೇಕು. ಇರುವೆ, ಎರೆಹುಳು, ನೀರ ಮೇಲೆ ಓಡುವ ಹುಳು, ಏರೋಪ್ಲೇನ್ ಚಿಟ್ಟೆ ಎಂದು ಪಟ್ಟಿ ಬೆಳೆಯಿತು. ಗುಂಡಿಯ ತುಂಬ ಗೊದಮೊಟ್ಟೆಗಳು! ಕೆಲವಕ್ಕೆ ಹಿಂಗಾಲು ಮೂಡಿದ್ದವು, ಹಲವಕ್ಕೆ ಇರಲಿಲ್ಲ. ಮೊದಲ ವಾರ ಅವುಗಳನ್ನು ನಾನು ನೋಡಿಯೇ ಇರಲಿಲ್ಲ.

ಸಲಿಕೆಗಳು ಗೋಡೆಗೆ ಒರಗಿದ್ದವು. ಅದನ್ನು ಕಂಡ ಹುಡುಗಿಯೊಬ್ಬಳು, ಗುಂಡಿ ಮುಚ್ಚಿದರೆ ಇನ್ನೂ ಕಾಲು ಬಾರದವು ಹೇಗೆ ಹೊರಗೆ ಬರುತ್ತವೆ ಎಂದು ಕೇಳಿದಳು. ಆವಾಸ ಎಂದರೇನೆಂದು ನನ್ನ ಹದಿನೆಂಟು ಸ್ಲೈಡ್‌ಗಳಿಗಿಂತ ಅವಳೇ ಚೆನ್ನಾಗಿ ಹೇಳಿದ್ದಳು. ಮುಖ್ಯ ಶಿಕ್ಷಕರ ಬಳಿ ಹೋಗಿ ವಿಷಯ ತಿಳಿಸಿದೆ. ಮಳೆಗಾಲ ಮುಗಿಯುವವರೆಗೆ ಗುಂಡಿ ಹಾಗೇ ಇರಲಿ ಎಂದು ಅವರು ಒಪ್ಪಿದರು. ಅಂದು ನಾವು ಸಲಿಕೆ ಹಿಡಿದು ಶಾಲೆಯ ಮುಂದಿನ ದಾರಿಯನ್ನಷ್ಟೇ ಸಮ ಮಾಡಿ ಬಂದೆವು.